‘ಡಿಡ್ ನಾಟ್ ವೆಂಟ್’ ಅಂತ ಬರೆಯುವ ಮಕ್ಕಳಿಗೆ ಗ್ರಾಮರ್ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6 ಮತ್ತು 7ನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳು ಟೆನ್ಸ್ ಚಾರ್ಟನ್ನು ಬಾಯಿಪಾಠ ಒಪ್ಪಿಸುತ್ತಾರೆ. ಬಿಟ್ಟ ಸ್ಥಳ ತುಂಬಿ ಅಂದರೆ ತುಂಬುತ್ತಾರೆ. ಆದರೆ ನಿನ್ನೆ ಏನು ಮಾಡಿದ್ರಿ, ನಾಲ್ಕು ಸಾಲು ಸ್ವಂತವಾಗಿ ಬರೆಯಿರಿ ಅಂದರೆ ‘ಐ ಡಿಡ್ ನಾಟ್ ವೆಂಟ್ ಟು ಸ್ಕೂಲ್’, ‘ಮೈ ಫಾದರ್ ಗೋ ಟು ಫೀಲ್ಡ್’ ಅಂತ ಬರೆಯುತ್ತಾರೆ. ಎಷ್ಟು ಸಲ ತಿದ್ದಿದರೂ ಅದೇ ತಪ್ಪು ಮತ್ತೆ ಬರುತ್ತದೆ. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಬಳಸಲೇಬಾರದು ಅಂತ ಕೆಲವರು ಹೇಳುತ್ತಾರೆ. ಪೋಷಕರು ಬೇರೆ ಗ್ರಾಮರ್ ಪುಸ್ತಕ ಮಾಡಿಸಿ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?
– ಒಬ್ಬ ಶಿಕ್ಷಕಿ, ಮದ್ದೂರು ತಾಲ್ಲೂಕು

ಉತ್ತರ: ಮೇಡಂ, ನಿಮ್ಮ ಮಕ್ಕಳು ಬರೆದ ಆ ಮೊದಲ ವಾಕ್ಯವನ್ನೇ ತೆಗೆದುಕೊಳ್ಳೋಣ. ‘ಐ ಡಿಡ್ ನಾಟ್ ವೆಂಟ್’ ಅಂತ ಬರೆದ ಹುಡುಗನಿಗೆ ಎಷ್ಟೆಲ್ಲ ಗೊತ್ತಿದೆ ನೋಡಿ. ನಿನ್ನೆ ನಡೆದದ್ದನ್ನು ಹೇಳುವಾಗ ಕ್ರಿಯಾಪದ ಬದಲಾಗಬೇಕು ಅಂತ ಗೊತ್ತಿದೆ. ‘ಗೋ’ ಇದ್ದದ್ದು ‘ವೆಂಟ್’ ಆಗುತ್ತದೆ ಅಂತ ಗೊತ್ತಿದೆ. ಇಲ್ಲ ಅನ್ನಬೇಕಾದರೆ ‘ಡಿಡ್ ನಾಟ್’ ಬೇಕು ಅಂತಲೂ ಗೊತ್ತಿದೆ. ಗೊತ್ತಿಲ್ಲದ್ದು ಒಂದೇ ಒಂದು ಸಂಗತಿ: ಕಳೆದ ಕಾಲದ ಗುರುತನ್ನು ಒಂದು ಕಡೆ ಹಾಕಿದರೆ ಸಾಕು, ಎರಡು ಕಡೆ ಬೇಡ. ಈ ಸಂಗತಿಯನ್ನು ಟೆನ್ಸ್ ಚಾರ್ಟ್ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಚಾರ್ಟನ್ನು ಇನ್ನೂ ಹತ್ತು ಸಲ ಒಪ್ಪಿಸಿದರೂ ತಪ್ಪು ಹೋಗುವುದಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು. ನಿಮ್ಮ ಎದುರು ಕೂತಿರುವ ಮಗುವಿಗೆ ಗ್ರಾಮರ್ ಆಗಲೇ ಬರುತ್ತದೆ, ಕನ್ನಡದ್ದು. ಅದನ್ನು ಯಾರೂ ಹೇಳಿಕೊಡದೆ ತಾನಾಗಿ ಕಲಿತಿದೆ, ಒಂದು ತಪ್ಪಿಲ್ಲದೆ ದಿನವಿಡೀ ಬಳಸುತ್ತದೆ. ಇಂಗ್ಲಿಷ್ ವಾಕ್ಯ ಕಟ್ಟುವಾಗಲೂ ಅದರ ತಲೆಯೊಳಗೆ ಓಡುವುದು ಅದೇ ವ್ಯಾಕರಣ. ನೀವು ಅದನ್ನು ಬದಿಗೆ ಸರಿಸಿ ಪಾಠ ಮಾಡಿದರೆ ಅದು ಹಿಂದಿನ ಬಾಗಿಲಿಂದ ಬಂದು ವಾಕ್ಯ ಕೆಡಿಸುತ್ತದೆ. ಮುಂದೆ ತಂದು ಕೂರಿಸಿಕೊಂಡರೆ ಅರ್ಧ ಪಾಠ ಅದೇ ಮಾಡಿಕೊಡುತ್ತದೆ.

‘ಡಿಡ್ ನಾಟ್’ ಪಾಠವನ್ನು ಹೀಗೆ ಮಾಡಿ ನೋಡಿ. ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆಯಿರಿ: ಅವನು ಬಂದ. ಅವಳು ಬಂದಳು. ಅವರು ಬಂದರು. ನಾನು ಬಂದೆ. ಇವನ್ನೆಲ್ಲ ‘ಇಲ್ಲ’ ಅಂತ ಮಾಡಿ ಹೇಳಿ ಅನ್ನಿ. ಅವನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ, ನಾನು ಬರಲಿಲ್ಲ. ಎರಡು ಸಾಲನ್ನೂ ಪಕ್ಕಪಕ್ಕ ಬರೆದು, ಸ್ವಲ್ಪ ಹೊತ್ತು ಸುಮ್ಮನೆ ನಿಂತುಕೊಳ್ಳಿ. ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ, ‘ಬರ್ಲಿಲ್ಲ ಅಂದ್ಮೇಲೆ ಎಲ್ಲಾ ಒಂದೇ ಮಿಸ್’ ಅಂತ. ಆಗ ಕೇಳಿ: ‘ನಿನ್ನೆ ಅವನು ಬಂದಲಿಲ್ಲ ಅಂತ ಯಾರಾದ್ರೂ ಹೇಳ್ತೀರಾ?’ ಇಡೀ ಕ್ಲಾಸ್ ನಗುತ್ತದೆ. ‘ಬಂದಲಿಲ್ಲ’ ಅನ್ನುವುದು ಎಷ್ಟು ವಿಚಿತ್ರವಾಗಿ ಕೇಳಿಸುತ್ತದೋ ‘ಡಿಡ್ ನಾಟ್ ಕೇಮ್’ ಅನ್ನುವುದೂ ಇಂಗ್ಲಿಷಿನವರ ಕಿವಿಗೆ ಅಷ್ಟೇ ವಿಚಿತ್ರ ಅಂತ ಆಗ ಹೇಳಿ. ಕನ್ನಡದಲ್ಲಿ ಕಳೆದ ಕಾಲದ ಸುಳಿವು ‘ಲಿಲ್ಲ’ದಲ್ಲೇ ಇದೆ, ಅದಕ್ಕೇ ‘ಬಂದ’ ಹೋಗಿ ಬರೀ ‘ಬರ’ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಆ ಸುಳಿವು ‘ಡಿಡ್’ನಲ್ಲಿದೆ, ಅದಕ್ಕೇ ‘ಕೇಮ್’ ಹೋಗಿ ‘ಕಮ್’ ಉಳಿಯುತ್ತದೆ. ಹತ್ತು ನಿಮಿಷದ ಮಾತು ಇದು. ಪಾಸ್ಟ್ ಟೆನ್ಸ್, ಆಕ್ಸಿಲರಿ, ಬೇಸ್ ಫಾರ್ಮ್ ಅನ್ನುವ ಹೆಸರುಗಳು ಆಮೇಲೆ ಬರಲಿ. ಅರ್ಥವಾದ ವಿಷಯಕ್ಕೆ ಹೆಸರು ಕೊಟ್ಟರೆ ಮಕ್ಕಳು ಖುಷಿಯಿಂದ ನೆನಪಿಟ್ಟುಕೊಳ್ಳುತ್ತಾರೆ. ಅರ್ಥವೇ ಆಗದ್ದಕ್ಕೆ ಮೊದಲು ಹೆಸರು ಕೊಟ್ಟರೆ ಹೆಸರು ಮಾತ್ರ ಉಳಿಯುತ್ತದೆ.

ಉಳಿದ ಮೂವತ್ತು ನಿಮಿಷ ಮಾತಾಡಿಸಿ. ಪ್ರತಿ ಮಗುವೂ ನಿನ್ನೆಯ ಬಗ್ಗೆ ಮೂರು ವಾಕ್ಯ ಬರೆಯಬೇಕು, ಅದರಲ್ಲಿ ಒಂದು ಸುಳ್ಳಿರಬೇಕು. ‘ಐ ಗೇವ್ ಗ್ರಾಸ್ ಟು ದ ಕೌ. ಐ ವಾಚ್ಡ್ ಟಿವಿ. ಐ ವೆಂಟ್ ಟು ಕೆಆರ್‌ಎಸ್.’ ಕೇಳುವವರು ಸುಳ್ಳು ಯಾವುದು ಅಂತ ಹಿಡಿಯಬೇಕು, ಪೂರ್ತಿ ವಾಕ್ಯದಲ್ಲಿ: ‘ನೋ, ಯೂ ಡಿಡ್ ನಾಟ್ ಗೋ ಟು ಕೆಆರ್‌ಎಸ್.’ ಈ ಆಟದಲ್ಲಿ ‘ಡಿಡ್ ನಾಟ್’ ಬಳಸದೆ ಬೇರೆ ದಾರಿಯೇ ಇಲ್ಲ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಒಂದೇ ಪೀರಿಯಡ್ಡಿನಲ್ಲಿ ಆ ರಚನೆ ನೂರು ಸಲ ಬಾಯಿಗೆ ಬರುತ್ತದೆ, ಪ್ರತಿ ಸಲವೂ ಏನೋ ಹೇಳಬೇಕೆಂಬ ಕಾರಣಕ್ಕೆ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಬಿಟ್ಟ ಸ್ಥಳ ತುಂಬಿಸಿದರೂ ಇಷ್ಟು ಅಭ್ಯಾಸ ಆಗುವುದಿಲ್ಲ.

ಮಾರನೇ ದಿನ ಅದೇ ಎಳೆ ಹಿಡಿದು ‘ಡಸ್ ನಾಟ್’ಗೆ ಹೋಗಬಹುದು. ‘ಅವನು ಹೋಗಲ್ಲ, ಅವಳು ಹೋಗಲ್ಲ, ಅವರು ಹೋಗಲ್ಲ’ – ಕನ್ನಡದಲ್ಲಿ ಇಲ್ಲೂ ಎಲ್ಲರಿಗೂ ಒಂದೇ ರೂಪ. ಅದಕ್ಕೇ ನಮ್ಮ ಮಕ್ಕಳು ‘ಹಿ ಡೋಂಟ್ ಗೋ’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಗೋಸ್’ನಲ್ಲಿದ್ದ ‘ಸ್’ ‘ಡಸ್’ಗೆ ಜಿಗಿಯುತ್ತದೆ, ಎರಡು ಕಡೆ ಕೂರುವುದಿಲ್ಲ. ಪ್ರಶ್ನೆ ಕೇಳುವಾಗಲೂ ಇದೇ ನಿಯಮ: ‘ಡಿಡ್ ಯೂ ಗೋ’, ‘ಡಸ್ ಹಿ ಗೋ’. ಮೂರು ಬೇರೆ ಬೇರೆ ಅಧ್ಯಾಯ ಅಂತ ಕಾಣುವುದು ನಿಜವಾಗಿ ಒಂದೇ ಪಾಠ. ಗ್ರಾಮರ್ ಪುಸ್ತಕಗಳು ಅದನ್ನು ಮೂರು ಕಡೆ ಹಂಚಿಬಿಡುತ್ತವೆ, ಮಗುವಿಗೆ ನಂಟು ಕಾಣುವುದೇ ಇಲ್ಲ.

ಈಗ ಟೆನ್ಸ್ ಚಾರ್ಟ್ ವಿಷಯ. ಹನ್ನೆರಡು ಮನೆಗಳ ಆ ಚಾರ್ಟನ್ನು 6ನೇ ತರಗತಿಯಲ್ಲಿ ಗೋಡೆಯಿಂದ ಇಳಿಸಿಬಿಡಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯೂಯಸ್ ಅನ್ನುವುದನ್ನು ಇಂಗ್ಲಿಷ್ ಮನೆಮಾತಿನವರೂ ಅಪರೂಪಕ್ಕೆ ಬಳಸುತ್ತಾರೆ. ಹನ್ನೊಂದು ವರ್ಷದ ಮಗುವಿಗೆ ಅದರಿಂದ ಏನಾಗಬೇಕು? ಭಾಷಾಶಾಸ್ತ್ರದವರು ಇಂಗ್ಲಿಷ್ ಕ್ರಿಯಾಪದಕ್ಕೆ ಪ್ರೆಸೆಂಟ್ ಮತ್ತು ಪಾಸ್ಟ್ ಅಂತ ಎರಡೇ ಟೆನ್ಸ್ ಲೆಕ್ಕ ಹಾಕುತ್ತಾರೆ. ಮುಂದಿನದ್ದನ್ನು ಹೇಳಲು ಇಂಗ್ಲಿಷಿನವರು ‘ವಿಲ್’ ಥರದ ಸಹಾಯಕ ಪದ ಸೇರಿಸಿಕೊಳ್ಳುತ್ತಾರೆ. ನಾವೂ ಅಷ್ಟೇ, ‘ದಿನಾ ಬರ್ತೀನಿ’ ಅನ್ನಲೂ ‘ನಾಳೆ ಬರ್ತೀನಿ’ ಅನ್ನಲೂ ಒಂದೇ ‘ಬರ್ತೀನಿ’ ಸಾಕು ಅಲ್ವಾ? ಅದಕ್ಕೇ ನಮ್ಮ ಮಕ್ಕಳು ‘ಟುಮಾರೋ ಐ ಗೋ’ ಅಂತ ಬರೆಯುವುದು. ಅವರ ಪಾಲಿಗೆ ಅದು ಸರಿಯಾದ ವಾಕ್ಯ. 6 ಮತ್ತು 7ನೇ ತರಗತಿಗೆ ಸಿಂಪಲ್ ಪ್ರೆಸೆಂಟ್, ಸಿಂಪಲ್ ಪಾಸ್ಟ್, ‘ಈಗ ಮಾಡ್ತಾ ಇದೀನಿ’ ಅನ್ನುವ ಕಂಟಿನ್ಯೂಯಸ್, ‘ವಿಲ್’ – ಈ ನಾಲ್ಕು ಗಟ್ಟಿಯಾದರೆ ಬೇಕಾದಷ್ಟಾಯಿತು. ‘ಹ್ಯಾವ್’, ‘ಹ್ಯಾಸ್’ ಸೇರುವ ಪ್ರೆಸೆಂಟ್ ಪರ್ಫೆಕ್ಟನ್ನು 7ರ ಕೊನೆಗೆ ಮೆಲ್ಲಗೆ ತನ್ನಿ.

ಅದನ್ನು ತರುವುದಕ್ಕೆ ನಿಮ್ಮ ಜಿಲ್ಲೆಯಲ್ಲಿ ಬಲು ಒಳ್ಳೆಯ ಸಾಮಗ್ರಿ ಇದೆ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಮಂಡ್ಯದ ಮನೆಮನೆಗೂ ಬೇಕಾದ ಸುದ್ದಿ. ಗರಿಷ್ಠ ಮಟ್ಟ 124.80 ಅಡಿ ಅಂತ ಶಾಲೆಗೆ ಹೋಗುವ ಮಕ್ಕಳೂ ಹೇಳುತ್ತಾರೆ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನಾ ಬರುವ ಅಂಕಿಯನ್ನು ಬೋರ್ಡಿನ ಮೂಲೆಯಲ್ಲಿ ಬರೆಯುವ ಕೆಲಸವನ್ನು ಒಬ್ಬೊಬ್ಬ ಮಗುವಿಗೆ ವಹಿಸಿ. ಪಾಂಡವಪುರದ ಕಡೆಯ ಒಂದು ಶಾಲೆಯಲ್ಲಿ ಒಬ್ಬ ಮೇಷ್ಟ್ರು ಇದನ್ನು ಮಾಡುತ್ತಿದ್ದರು, ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಬೋರ್ಡಿನ ಮೇಲೆ ನಿನ್ನೆಗೆ 108, ಇವತ್ತಿಗೆ 110 ಅಂತ ಇತ್ತು. ಮೇಷ್ಟ್ರು ಮೊದಲು ಇಂಗ್ಲಿಷಿನಲ್ಲಿ ಕೇಳಿದರು. ಮಕ್ಕಳು ‘ಯೆಸ್ಟರ್‌ಡೇ ದ ಲೆವೆಲ್ ವಾಸ್ 108 ಫೀಟ್. ಟುಡೇ ಇಟ್ ಈಸ್ 110 ಫೀಟ್’ ಅಂದರು. ಆಮೇಲೆ ಕನ್ನಡದಲ್ಲಿ ಕೇಳಿದರು: ‘ನೀರು ಏನಾಗಿದೆ?’ ‘ಎರಡಡಿ ಏರಿದೆ ಸಾರ್.’ ‘ಏರಿತು ಅಂತ ಯಾಕೆ ಅನ್ನಲಿಲ್ಲ?’ ಒಬ್ಬಳು ಹುಡುಗಿ ಎದ್ದು ನಿಂತು, ‘ಏರಿತು ಅಂದ್ರೆ ಮುಗೀತು ಸಾರ್. ಏರಿದೆ ಅಂದ್ರೆ ಈಗ್ಲೂ ಅಲ್ಲೇ ಐತೆ’ ಅಂದಳು. ಪ್ರೆಸೆಂಟ್ ಪರ್ಫೆಕ್ಟಿಗೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಯಾವ ಗ್ರಾಮರ್ ಪುಸ್ತಕದಲ್ಲೂ ಓದಿಲ್ಲ. ಆಗ ಮೇಷ್ಟ್ರು ‘ಏರಿತು’ ಕೆಳಗೆ ‘ವೆಂಟ್ ಅಪ್’ ಅಂತಲೂ ‘ಏರಿದೆ’ ಕೆಳಗೆ ‘ಹ್ಯಾಸ್ ಗಾನ್ ಅಪ್’ ಅಂತಲೂ ಬರೆದರು. ಮುಂದೆ ವಾರವಿಡೀ ಮಕ್ಕಳೇ ‘ಇಟ್ ಹ್ಯಾಸ್ ಗಾನ್ ಅಪ್ ಬೈ ಒನ್ ಫೂಟ್’ ಅಂತ ಓದುತ್ತಿದ್ದರಂತೆ. ಕೊಡಗಿನಲ್ಲಿ ಮಳೆ ಜೋರಾಗಿದೆ ಅಂತ ಸುದ್ದಿ ಬಂದ ದಿನ ‘ಇಟ್ ವಿಲ್ ಗೋ ಅಪ್ ಟುಮಾರೋ’ ತಾನಾಗೇ ಬರುತ್ತಿತ್ತಂತೆ.

ಇಲ್ಲಿ ಒಂದು ಎಚ್ಚರಿಕೆ. ಕನ್ನಡದಲ್ಲಿ ‘ಅವನು ನಿನ್ನೆಯೇ ಬಂದಿದ್ದಾನೆ’ ಅನ್ನಬಹುದು. ಇಂಗ್ಲಿಷಿನಲ್ಲಿ ‘ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ’ ಅನ್ನುವಂತಿಲ್ಲ. ನಿನ್ನೆ, ಹೋದ ವಾರ, 2019ರಲ್ಲಿ ಅಂತ ಮುಗಿದುಹೋದ ಕಾಲವನ್ನು ಹೆಸರಿಸಿದರೆ ‘ಹ್ಯಾಸ್’ ನಿಲ್ಲುವುದಿಲ್ಲ, ‘ಕೇಮ್’ ಆಗಲೇಬೇಕು. ಎರಡು ಭಾಷೆ ಎಲ್ಲಿಯವರೆಗೆ ಜೊತೆಯಲ್ಲಿ ಬರುತ್ತವೆ, ಎಲ್ಲಿ ಕೈಬಿಡುತ್ತವೆ ಅನ್ನುವುದನ್ನು ಮಕ್ಕಳಿಗೆ ಹೀಗೆ ಬಾಯಿಬಿಟ್ಟು ಹೇಳಬೇಕು.

ಕೈಬಿಡುವ ಇನ್ನೊಂದು ಜಾಗ ನಮ್ಮ ದೊಡ್ಡವರ ಇಂಗ್ಲಿಷಿನಲ್ಲೂ ಇದೆ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಅಂತ ನಾವು ಸಹಜವಾಗಿ ಹೇಳುತ್ತೇವೆ. ಹೋಗಿ ಬಂದದ್ದೂ ಆಯಿತು ಅನ್ನುವ ಭಾವ ಅದರಲ್ಲಿದೆ. ಅದನ್ನು ಹಾಗೇ ಇಳಿಸಿ ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮೈಸೂರು’ ಅನ್ನುತ್ತೇವೆ. ಶಿಕ್ಷಕರ ತರಬೇತಿಗಳಲ್ಲಿ, ಕಚೇರಿ ಪತ್ರಗಳಲ್ಲಿ, ಎಲ್ಲ ಕಡೆ ಇದನ್ನು ಕೇಳುತ್ತೇನೆ. ಇಂಗ್ಲಿಷಿಗೆ ಇಲ್ಲಿ ‘ಐ ವೆಂಟ್’ ಅಷ್ಟೇ ಸಾಕು. ‘ಹ್ಯಾಡ್’ ಬೇಕಾಗುವುದು ಕಳೆದುಹೋದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಅಂತ ತೋರಿಸಬೇಕಾದಾಗ. ನಾವು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು ಅನ್ನುವ ಥರದ ಕಡೆ. 6ನೇ ತರಗತಿಯಲ್ಲಿ ‘ಹ್ಯಾಡ್ ಗಾನ್’ ಕಲಿಸಿದರೆ ಮಕ್ಕಳು ಅದನ್ನು ಪ್ರತಿ ‘ಹೋಗಿದ್ದೆ’ಗೂ ಅಂಟಿಸುತ್ತಾರೆ. ಆಮೇಲೆ ಬಿಡಿಸುವುದು ಬಹಳ ಕಷ್ಟ. ಅದಕ್ಕೆ ಆ ವಯಸ್ಸಿನಲ್ಲಿ ಅದನ್ನು ಮುಟ್ಟಬೇಡಿ. ಪಾಠದೊಳಗೆ ಬಂದರೆ ಅರ್ಥ ಹೇಳಿ ಮುಂದೆ ಹೋಗಿ.

‘ಮೈ ಫಾದರ್ ಗೋ’ ವಿಷಯಕ್ಕೆ ಬರೋಣ. ಈ ‘ಸ್’ ಬಗ್ಗೆ ನೀವು ಬೇಸರ ಮಾಡಿಕೊಳ್ಳಬೇಡಿ. 1970ರ ದಶಕದಲ್ಲಿ ಮಕ್ಕಳ ಭಾಷಾ ಕಲಿಕೆಯ ಮೇಲೆ ನಡೆದ ಅಧ್ಯಯನಗಳಲ್ಲಿ ಒಂದು ಕ್ರಮ ಮತ್ತೆ ಮತ್ತೆ ಕಂಡಿತು. ‘ಇಂಗ್’ ಮೊದಲು ಬರುತ್ತದೆ, ಬಹುವಚನದ ‘ಸ್’ ಕೂಡ ಬೇಗ ಬರುತ್ತದೆ, ‘ಹಿ ಗೋಸ್’ನ ‘ಸ್’ ತಡವಾಗಿ ಬರುತ್ತದೆ. ಇಂಗ್ಲಿಷ್ ಮನೆಮಾತಿನ ಮಕ್ಕಳಲ್ಲೂ, ಅದನ್ನು ಎರಡನೇ ಭಾಷೆಯಾಗಿ ಕಲಿಯುವವರಲ್ಲೂ ಅದು ಹಿಂದೆ ಬೀಳುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಆ ‘ಸ್’ ಇಲ್ಲದಿದ್ದರೂ ವಾಕ್ಯದ ಅರ್ಥ ಪೂರ್ತಿ ತಿಳಿಯುತ್ತದೆ. ಮಾತಾಡುವ ರಭಸದಲ್ಲಿ ಮಗುವಿನ ಗಮನ ಅರ್ಥದ ಮೇಲಿರುತ್ತದೆ, ಅರ್ಥಕ್ಕೆ ಬೇಡವಾದದ್ದು ಜಾರಿಹೋಗುತ್ತದೆ. ನಿಯಮ ಗೊತ್ತಿಲ್ಲ ಅಂತಲ್ಲ. ನಿಧಾನವಾಗಿ ಬರೆಯುವಾಗ, ಬರೆದದ್ದನ್ನು ಮತ್ತೆ ಓದುವಾಗ ಆ ನಿಯಮ ಕೈಗೆ ಸಿಗುತ್ತದೆ. ಹಾಗಾಗಿ ಮಾತಿನಲ್ಲಿ ‘ಸ್’ ತಿದ್ದುವುದನ್ನು ಬಿಡಿ. ಬರವಣಿಗೆಯಲ್ಲಿ ಮಾತ್ರ ಕೊನೆಗೆ ಒಂದು ನಿಮಿಷ ಕೊಟ್ಟು, ‘ಹಿ, ಶಿ, ಇಟ್ ಎಲ್ಲೆಲ್ಲಿ ಇದೆ ಹುಡುಕಿ, ಪಕ್ಕದ ಕ್ರಿಯಾಪದ ನೋಡಿ’ ಅನ್ನಿ. ಅವರೇ ತಿದ್ದಿಕೊಳ್ಳುತ್ತಾರೆ.

‘ಹಿ’ ಅಂದಾಗ ನೆನಪಾಯಿತು. ನಮ್ಮ ಕಡೆ ‘ಹ’ ಬಿಟ್ಟು ಮಾತಾಡುವುದು ಸಾಮಾನ್ಯ. ಹಾಲು ‘ಆಲು’ ಆಗುತ್ತದೆ, ಹಸು ‘ಅಸು’ ಆಗುತ್ತದೆ. ಅಂಥ ಮಕ್ಕಳಿಗೆ ಇಂಗ್ಲಿಷಿನ ‘ಹಿಸ್’ ಮತ್ತು ‘ಇಸ್’ ಒಂದೇ ಥರ ಕೇಳಿಸುತ್ತವೆ. ‘ಹಿಸ್ ನೇಮ್ ಈಸ್ ರವಿ’ ಬರೆಯುವ ಕಡೆ ‘ಇಸ್ ನೇಮ್ ಇಸ್ ರವಿ’ ಅಂತ ಬರೆದರೆ ಗ್ರಾಮರ್ ತಪ್ಪು ಅಂತ ಕೆಂಪು ಗೆರೆ ಎಳೆಯಬೇಡಿ. ಅದು ಕಿವಿಯ ವಿಷಯ. ಬಾಯಿ ಮುಂದೆ ಅಂಗೈ ಹಿಡಿದು ‘ಹ’ ಅಂದರೆ ಬಿಸಿಯುಸಿರು ತಾಗುತ್ತದೆ, ‘ಇ’ ಅಂದರೆ ತಾಗುವುದಿಲ್ಲ ಅಂತ ತೋರಿಸಿ. ಎರಡು ದಿನದಲ್ಲಿ ವ್ಯತ್ಯಾಸ ಹಿಡಿಯುತ್ತಾರೆ. ಮನೆಯ ಮಾತನ್ನು ಮಾತ್ರ ದಯವಿಟ್ಟು ಆಡಿಕೊಳ್ಳಬೇಡಿ. ಮನೆಮಾತಿಗೆ ನಾಚಿಕೊಂಡ ಮಗು ಇಂಗ್ಲಿಷಿನಲ್ಲೂ ಬಾಯಿ ಬಿಡುವುದಿಲ್ಲ.

ತಪ್ಪು ತಿದ್ದುವ ಬಗ್ಗೆ ಕೇಳಿದ್ದೀರಿ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ತಿದ್ದಿ. ಈ ವಾರ ‘ಡಿಡ್ ನಾಟ್’ ಮಾಡಿದ್ದರೆ ನೋಟ್‌ಬುಕ್ಕಿನಲ್ಲಿ ಅದನ್ನಷ್ಟೇ ಗುರುತು ಮಾಡಿ. ಕಾಗುಣಿತ, ಆರ್ಟಿಕಲ್, ಪ್ರಿಪೊಸಿಷನ್ ಎಲ್ಲವನ್ನೂ ಕಂಡಿದ್ದೀರಿ, ಆದರೂ ಬಿಡಿ. ಇಡೀ ಪುಟ ಕೆಂಪಾಗಿ ವಾಪಸ್ ಬಂದರೆ ಮಗು ಒಂದನ್ನೂ ಓದುವುದಿಲ್ಲ, ಮುಂದಿನ ಸಲ ನಾಲ್ಕು ಸಾಲಿನ ಬದಲು ಎರಡು ಸಾಲು ಬರೆಯುತ್ತದೆ. ಕಡಿಮೆ ಬರೆದರೆ ಕಡಿಮೆ ತಪ್ಪು ಅಂತ ಅದಕ್ಕೆ ಗೊತ್ತಾಗಿಬಿಡುತ್ತದೆ. ಸರಿಯುತ್ತರವನ್ನು ನೀವೇ ಬರೆದುಕೊಡುವುದೂ ಬೇಡ. ತಪ್ಪಿರುವ ಸಾಲಿನ ಪಕ್ಕ ಮಾರ್ಜಿನ್ನಿನಲ್ಲಿ ಒಂದು ಚುಕ್ಕೆ ಇಡಿ. ಯಾವುದು ತಪ್ಪು ಅಂತ ಮಗುವೇ ಹುಡುಕಲಿ. ಎಲ್ಲ ಪುಸ್ತಕಗಳಿಂದ ಐದು ವಾಕ್ಯ ಆರಿಸಿ, ಹೆಸರು ಹೇಳದೆ ಬೋರ್ಡಿನ ಮೇಲೆ ಬರೆದು ಗುಂಪಿನಲ್ಲಿ ತಿದ್ದಿಸಿದರೆ ಇನ್ನೂ ಒಳ್ಳೆಯದು. ಹೊರೆ ಪುಸ್ತಕ ಮನೆಗೆ ಹೊರುವ ಕೆಲಸವೂ ನಿಮಗೆ ಕಡಿಮೆಯಾಗುತ್ತದೆ.

ಮಾತಿನ ತಪ್ಪಿಗೆ ಬೇರೆ ಉಪಾಯ. ಮಗು ‘ಐ ಗೋಡ್ ಟು ಝೂ’ ಅಂದರೆ, ‘ಓ, ಯೂ ವೆಂಟ್ ಟು ದ ಝೂ? ವಾಟ್ ಡಿಡ್ ಯೂ ಸೀ?’ ಅಂತ ಮಾತು ಮುಂದುವರಿಸಿ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ. ಅಂದ ಹಾಗೆ ‘ಗೋಡ್’, ‘ಈಟೆಡ್’ ಅಂತ ಮಗು ಹೇಳಿದ ದಿನ ನೀವು ಸಂತೋಷಪಡಬೇಕು. ಆ ಪದಗಳನ್ನು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ‘ಎಡ್’ ಹಚ್ಚಿದರೆ ಕಳೆದ ಕಾಲ ಅನ್ನುವ ನಿಯಮ ಅದರ ತಲೆಯೊಳಗೆ ಕೂತಿದೆ, ಅದಕ್ಕೇ ಹೊಸದಾಗಿ ಕಟ್ಟಿದೆ. ನಿಯಮಕ್ಕೆ ಬಗ್ಗದ ಮೂವತ್ತು, ನಲವತ್ತು ಕ್ರಿಯಾಪದಗಳನ್ನು ಮಾತ್ರ ಬಾಯಿಪಾಠ ಮಾಡಿಸಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ‘ಗೋ, ವೆಂಟ್, ಗಾನ್’ ಅಂತ ರಾಗವಾಗಿ ಹೇಳಿಸುವ ಹಳೇ ಪದ್ಧತಿ ಇಲ್ಲಿ ಚೆನ್ನಾಗೇ ಕೆಲಸ ಮಾಡುತ್ತದೆ. ದಿನಕ್ಕೆ ಮೂರು ಪದ, ಪ್ರತಿ ಪದಕ್ಕೂ ಸ್ವಂತದ ಒಂದು ವಾಕ್ಯ, ಅಷ್ಟು ಸಾಕು.

ಇನ್ನು ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ. ಬಳಸಿ, ಹಿಂಜರಿಯಬೇಡಿ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಕೂಡ ಮಕ್ಕಳ ಮನೆಮಾತುಗಳನ್ನು ತರಗತಿಯ ಸಂಪತ್ತು ಅಂತಲೇ ನೋಡುತ್ತದೆ. ಆದರೆ ಯಾವುದಕ್ಕೆ ಬಳಸುತ್ತೀರಿ ಅನ್ನುವುದು ಮುಖ್ಯ. ವಾಕ್ಯದ ಒಳಗುಟ್ಟು ಬಿಡಿಸಿ ತೋರಿಸಲು ಕನ್ನಡ ಬೇಕು. ‘ಬೆಂಚ್ ಸರಿ ಮಾಡ್ಕೊಳ್ಳಿ, ಪುಸ್ತಕ ತೆಗೀರಿ, ಯಾರು ಬಂದಿಲ್ಲ’ ಅನ್ನುವುದಕ್ಕೆಲ್ಲ ಇಂಗ್ಲಿಷ್ ಆಡಿ. ನಮ್ಮಲ್ಲಿ ಎಷ್ಟೋ ಕಡೆ ಇದು ತಿರುಗುಮುರುಗಾಗಿದೆ. ಗ್ರಾಮರ್ ನಿಯಮವನ್ನು ಅರ್ಥವಾಗದ ಇಂಗ್ಲಿಷಿನಲ್ಲಿ ಓದಿ ಹೇಳುತ್ತೇವೆ, ದಿನಬಳಕೆಯ ಮಾತನ್ನು ಕನ್ನಡದಲ್ಲಿ ಆಡುತ್ತೇವೆ. ಮಗುವಿಗೆ ನಿಜವಾದ ಇಂಗ್ಲಿಷ್ ಕೇಳುವ ಅವಕಾಶ ಅಲ್ಲೇ ತಪ್ಪಿಹೋಗುತ್ತದೆ. ನಿಮ್ಮ ಹಳ್ಳಿಯಲ್ಲಿ ಮಗು ಇಂಗ್ಲಿಷ್ ಕೇಳುವ ಜಾಗ ನಿಮ್ಮ ಕ್ಲಾಸು ಬಿಟ್ಟು ಬೇರೆ ಎಷ್ಟಿದೆ?

ಉರ್ದು ಮನೆಮಾತಿನ ಮಕ್ಕಳಿದ್ದರೆ ಒಂದು ಸೂಕ್ಷ್ಮ ನೆನಪಿಡಿ. ಉರ್ದುವಿನಲ್ಲಿ ‘ಬರಲಿಲ್ಲ’ ಅಂದಾಗಲೂ ಕ್ರಿಯಾಪದದ ಕೊನೆ ಗಂಡು, ಹೆಣ್ಣಿಗೆ ತಕ್ಕಂತೆ ಬದಲಾಗುತ್ತದೆ. ಅವರ ಮನೆಮಾತಿನಿಂದ ‘ಡಿಡ್ ನಾಟ್’ ಪಾಠ ಹೊರಡುವುದಿಲ್ಲ. ಆದರೆ ಆ ಮಕ್ಕಳಿಗೆ ಕನ್ನಡವೂ ಚೆನ್ನಾಗಿ ಗೊತ್ತಿರುತ್ತದಲ್ಲ, ಕನ್ನಡದ ಉದಾಹರಣೆಯೇ ಸಾಕು. ‘ನಿಮ್ಮ ಮನೇಲಿ ಇದನ್ನ ಹೇಗೆ ಹೇಳ್ತೀರಿ’ ಅಂತ ಅವರನ್ನೂ ಕೇಳಿ, ಬೋರ್ಡಿನ ಮೇಲೆ ಅದಕ್ಕೂ ಒಂದು ಸಾಲು ಕೊಡಿ. ಕನ್ನಡ ಮೇಷ್ಟ್ರ ಜೊತೆಯೂ ಮಾತಾಡಿಕೊಳ್ಳಿ. ಅವರು ನಾಮಪದ, ಕ್ರಿಯಾಪದ, ವಚನ ಮಾಡುವ ವಾರವೇ ನೀವೂ ನೌನ್, ವರ್ಬ್ ಮಾಡಿದರೆ ಇಬ್ಬರ ಕೆಲಸವೂ ಹಗುರ.

ಆರ್ಟಿಕಲ್‌ಗೆ ಜಾಸ್ತಿ ಹೊತ್ತು ಕಳೆಯಬೇಡಿ. ನಮ್ಮ ಭಾಷೆಯಲ್ಲಿ ಅವಿಲ್ಲ, ಬರುವುದು ತಡ. ಕತೆ ಹೇಳಿಸಿ ಸಾಕು: ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಒಬ್ಬಳು ಮಗಳು.’ ಮೊದಲ ಸಲ ಬಂದಾಗ ‘ಎ’, ಎರಡನೇ ಸಲ ‘ದ’. ಪ್ರಿಪೊಸಿಷನ್‌ಗಳನ್ನು ‘ಅಟ್ ಹೋಮ್’, ‘ಇನ್ ದ ಮಾರ್ನಿಂಗ್’, ‘ಆನ್ ಸಂಡೇ’ ಅಂತ ಇಡಿಯಾಗಿ ಕಲಿಸಿ, ಬಿಡಿಬಿಡಿಯಾಗಿ ಬೇಡ.

ಗ್ರಾಮರ್ ಕಲಿಸಲೇಬಾರದು, ಬರೀ ಚಟುವಟಿಕೆ ಮಾಡಿಸಿದರೆ ತಾನಾಗಿ ಬರುತ್ತದೆ ಅನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇಂಥದ್ದೇ ಪ್ರಯೋಗ ನಡೆಯಿತು. ಇಂಗ್ಲಿಷ್ ಬೋಧನೆಯ ಲೋಕದಲ್ಲೆಲ್ಲ ಅದು ಬೆಂಗಳೂರು ಪ್ರಾಜೆಕ್ಟ್ ಅಂತಲೇ ಹೆಸರಾಯಿತು. ಗ್ರಾಮರ್ ಅಧ್ಯಾಯಗಳ ಬದಲು ಟೈಮ್ ಟೇಬಲ್ ಓದುವುದು, ನಕ್ಷೆ ನೋಡಿ ದಾರಿ ಹೇಳುವುದು, ಇಂಥ ಕೆಲಸಗಳನ್ನು ಮಕ್ಕಳಿಗೆ ಕೊಟ್ಟರು. ಅರ್ಥದ ಮೇಲೆ ಗಮನವಿಟ್ಟು ದುಡಿಯುವಾಗ ವ್ಯಾಕರಣ ಒಳಗಿಳಿಯುತ್ತದೆ ಅನ್ನುವುದು ಅವರ ನಂಬಿಕೆ. ಆ ಕೆಲಸಗಳನ್ನು ನೀವು ಖಂಡಿತ ಎರವಲು ತೆಗೆದುಕೊಳ್ಳಿ. ಮದ್ದೂರಿನಿಂದ ಮೈಸೂರಿಗೆ ಹೋಗುವ ರೈಲುಗಳ ಸಮಯ ಬರೆದುಕೊಟ್ಟು, ‘ಹನ್ನೊಂದು ಗಂಟೆಗೆ ಮೈಸೂರು ಆಸ್ಪತ್ರೆಯಲ್ಲಿರಬೇಕು, ಯಾವ ರೈಲು ಹಿಡಿಯಬೇಕು, ಯಾಕೆ?’ ಅಂತ ಕೇಳಿ. ಆದರೆ ದಿನಕ್ಕೆ ಒಂದು ಪೀರಿಯಡ್ ಇಂಗ್ಲಿಷ್ ಸಿಗುವ ನಮ್ಮ ಮಕ್ಕಳಿಗೆ ಅದೊಂದೇ ಸಾಲದು ಅಂತ ನನ್ನ ಅನಿಸಿಕೆ. ಕೆಲಸ ಮುಗಿದ ಮೇಲೆ ಹತ್ತು ನಿಮಿಷ ನಿಂತು ‘ಈ ವಾಕ್ಯ ಯಾಕೆ ಹೀಗಿದೆ’ ಅಂತ ತೋರಿಸಬೇಕು. ತೋರಿಸದಿದ್ದರೆ ‘ಡಿಡ್ ನಾಟ್ ವೆಂಟ್’ ಹತ್ತನೇ ತರಗತಿವರೆಗೂ ಜೊತೆಯಲ್ಲೇ ಹೋಗುತ್ತದೆ.

ಗುಂಪಿನಲ್ಲಿ ಕೂರಿಸಲು ನಿಮಗೆ ಕಷ್ಟವಾಗದು. ನಿಮ್ಮ ಮಕ್ಕಳು ನಲಿ-ಕಲಿಯಲ್ಲಿ ಬೆಳೆದವರು. 1995ರಲ್ಲಿ ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಸೇರಿ ಕಟ್ಟಿದ ಪದ್ಧತಿ ಅದು. ಮೂರನೇ ತರಗತಿವರೆಗೆ ಗುಂಪಿನಲ್ಲಿ ಕೂತು ಕಾರ್ಡ್ ಹಿಡಿದು ಕಲಿತ ಮಕ್ಕಳನ್ನು ಆಮೇಲೆ ಸಾಲುಬೆಂಚಿನಲ್ಲಿ ಕೂರಿಸಿ ಬರೆಸುತ್ತೇವೆ. ಆ ಅಭ್ಯಾಸ ಅವರೊಳಗೆ ಇನ್ನೂ ಇದೆ. ಇನ್ನೊಂದು ವಿಷಯ, 2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ನಿಮ್ಮ ಕೈಗೆ ಬರುವಷ್ಟರಲ್ಲಿ ಮಗು ಐದು ವರ್ಷ ಇಂಗ್ಲಿಷ್ ಕೇಳಿರುತ್ತದೆ. ಪದಗಳು ಸಾಕಷ್ಟಿವೆ, ಕಟ್ಟುವುದಷ್ಟೇ ಬಾಕಿ.

ಎಲ್ಲಿಂದ ಶುರು ಅಂತ ಕೇಳಿದಿರಿ. ಮೊದಲ ವಾರ ಏನೂ ಕಲಿಸಬೇಡಿ. ನಿನ್ನೆಯ ಬಗ್ಗೆ ಐದು ಸಾಲು ಬರೆಸಿ, ತಪ್ಪುಗಳನ್ನು ನೀವು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ, ಯಾವುದು ಅತಿ ಹೆಚ್ಚು ಮಕ್ಕಳಲ್ಲಿದೆ ನೋಡಿ. ಅದೇ ನಿಮ್ಮ ಮೊದಲ ಪಾಠ. ಪುಸ್ತಕದ ಅಧ್ಯಾಯಗಳ ಸಾಲಿನಲ್ಲಿ ಹೋಗಬೇಕಾಗಿಲ್ಲ. ಎಫ್‌ಎ, ಎಸ್‌ಎ ಅನ್ನುವ ಮೌಲ್ಯಮಾಪನ ಪರೀಕ್ಷೆ ಹತ್ತಿರ ಬಂದಾಗ ಬಿಟ್ಟ ಸ್ಥಳ, ಹೊಂದಿಸಿ ಬರೆಯುವ ಪ್ರಶ್ನೆಗಳನ್ನು ಒಂದೆರಡು ವಾರ ಮಾಡಿಸಿ. ವಾಕ್ಯ ಕಟ್ಟಲು ಬರುವ ಮಗುವಿಗೆ ಅವು ಸುಲಭ.

ಪೋಷಕರಿಗೆ ಗ್ರಾಮರ್ ಪುಸ್ತಕ ಯಾಕೆ ಬೇಕು ಅಂದರೆ, ಮನೆಯಲ್ಲಿ ಕಣ್ಣಿಗೆ ಕಾಣುವ ಓದು ಅದೊಂದೇ. ಅವರ ಕಾಳಜಿ ಸರಿಯಾದದ್ದೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಬಂದಾಗ ಮಗು ಜೂನ್‌ನಲ್ಲಿ ಬರೆದ ಐದು ಸಾಲನ್ನೂ ನವೆಂಬರ್‌ನಲ್ಲಿ ಬರೆದ ಪುಟವನ್ನೂ ಪಕ್ಕಪಕ್ಕ ಇಟ್ಟು ತೋರಿಸಿ, ಮಗುವಿನ ಬಾಯಲ್ಲೇ ಓದಿಸಿ. ಇಂಗ್ಲಿಷ್ ಬಾರದ ತಾಯಂದಿರಿಗೂ ಎರಡರ ಅಂತರ ಕಾಣುತ್ತದೆ. ಹೊಸ ಪುಸ್ತಕಕ್ಕೆ ದುಡ್ಡು ಕೊಡಲು ಅವರು ತಯಾರಿದ್ದರೆ ಗ್ರಾಮರ್ ಗೈಡ್ ಬೇಡ, ತೆಳ್ಳನೆಯ ಚಿತ್ರವಿರುವ ಇಂಗ್ಲಿಷ್ ಕತೆ ಪುಸ್ತಕ ಕೊಡಿಸಿ ಅನ್ನಿ. ಒಬ್ಬೊಬ್ಬರು ಒಂದೊಂದು ತಂದರೆ ವರ್ಷವಿಡೀ ಅದಲುಬದಲು ಮಾಡಿಕೊಂಡು ಓದಲು ಇಡೀ ತರಗತಿಗೆ ಸಾಕಾಗುತ್ತದೆ.